ಪ್ರಶ್ನೋತ್ತರ: ಹೈವೇಯಲ್ಲೇ ಜಾಸ್ತಿ ಓಡಾಟ, ಹೈಬ್ರಿಡ್ ಎಸ್‌ಯುವಿ ತಗೊಳ್ಳಬಹುದಾ?

ಅಡ್ಮಿನ್: ಈ ವಾರ ಪ್ರಶ್ನೆಗಳಿಗೆ ಉತ್ತರ ಕೊಡುವವರು ನಮ್ಮ ಗ್ಯಾರೇಜ್ ಅಣ್ಣ. ಉಡುಪಿಯಲ್ಲಿ ಸ್ವಂತ ಗ್ಯಾರೇಜ್, 22 ವರ್ಷದ ಕೆಲಸ. ಹೈಬ್ರಿಡ್ ಗಾಡಿಗಳ ಟ್ರೈನಿಂಗೂ ಆಗಿದೆ. ಕೆಲಸ ಮುಗಿಸಿ ರಾತ್ರಿ ಬರೆಯುತ್ತಾರೆ, ತಾಳ್ಮೆ ಇರಲಿ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಸುರತ್ಕಲ್ ಮೇಷ್ಟ್ರು: ನಮಸ್ಕಾರ ಅಣ್ಣ. ಸುರತ್ಕಲ್‌ನಿಂದ ಉಡುಪಿಗೆ ವಾರದಲ್ಲಿ ನಾಲ್ಕು ದಿನ ಹೋಗಿ ಬರುತ್ತೇನೆ. ತಿಂಗಳಿಗೆ 1,500 ಕಿ.ಮೀ. ಹತ್ತಿರ ಆಗುತ್ತದೆ, ಹೆಚ್ಚಿನದ್ದು ಹೈವೇ 66. ಟೊಯೋಟಾ ಹೈರೈಡರ್ ಅಥವಾ ಮಾರುತಿ ಗ್ರ್ಯಾಂಡ್ ವಿಟಾರಾ, ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಗಾಡಿ ಎಳೆಯುವ ಮೋಟರ್, ಬ್ಯಾಟರಿ ಇರುವುದು) ನೋಡುತ್ತಿದ್ದೇನೆ. ಲೀಟರ್‌ಗೆ 27.97 ಕಿ.ಮೀ. ಅಂತ ಶೋರೂಮಿನಲ್ಲಿ ಹೇಳಿದರು. ಸಾದಾ ಪೆಟ್ರೋಲ್ ಮಾಡೆಲ್‌ಗಿಂತ ಸುಮಾರು 3 ಲಕ್ಷ ಜಾಸ್ತಿ ಕೊಡಬೇಕು. ಆ ದುಡ್ಡು ವಾಪಸ್ ಬರುತ್ತದಾ?

ಗ್ಯಾರೇಜ್ ಅಣ್ಣ: ಮೇಷ್ಟ್ರೇ ನಮಸ್ಕಾರ. 27.97 ಟೆಸ್ಟ್‌ನ ನಂಬರ್. ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ಅಳೆಯುವುದು. ಅಲ್ಲಿ ಹೆಜಮಾಡಿ ಟೋಲ್ ಇಲ್ಲ, ಎದುರು ಗಾಳಿ ಇಲ್ಲ, ಹಿಂದಿನ ಸೀಟಿನಲ್ಲಿ ಮೂರು ಜನ ಇಲ್ಲ.

ಒಂದು ವಿಷಯ ತಿಳಿದುಕೊಂಡರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಹೈಬ್ರಿಡ್‌ನ ಉಳಿತಾಯ ಹುಟ್ಟುವುದು ಬ್ರೇಕಿನಲ್ಲಿ. ಸಾದಾ ಕಾರಿನಲ್ಲಿ ಬ್ರೇಕ್ ಹಾಕಿದಾಗ ಓಟದ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ. ಹೈಬ್ರಿಡ್‌ನಲ್ಲಿ ಅದರ ಒಂದು ಪಾಲು ಮೋಟರ್ ಮೂಲಕ ಬ್ಯಾಟರಿಗೆ ಹೋಗುತ್ತದೆ, ಮುಂದೆ ಗಾಡಿ ಎಳೆಯಲು ಅದೇ ಕರೆಂಟ್. ಮಂಗಳೂರಿನ ನಂತೂರು, ಕೆಪಿಟಿ, ಕೊಟ್ಟಾರದ ಜಾಮ್‌ನಲ್ಲಿ ಎಂಜಿನ್ ಆಫ್ ಆಗಿ ಗಾಡಿ ಸುಮ್ನೆ ಮುಂದೆ ಜಾರುತ್ತದಲ್ಲ, ಲಾಭ ಅಲ್ಲಿ. 90ರಲ್ಲಿ ಒಂದೇ ಸಮ ಹೋಗುವಾಗ ಬ್ರೇಕ್ ಎಲ್ಲಿ ಹಾಕುತ್ತೀರಿ? ಎಂಜಿನ್ ಹೆಚ್ಚು ಹೊತ್ತು ಓಡುತ್ತಲೇ ಇರುತ್ತದೆ. ಆ 1.5 ಲೀಟರ್ ಎಂಜಿನ್ ಅಟ್ಕಿನ್ಸನ್ ರೀತಿಯದ್ದು, ಅಂದರೆ ಪೆಟ್ರೋಲ್ ಉಳಿಸಲೆಂದೇ ಮಾಡಿದ್ದು, ಕುಡಿಯುವುದೇ ಕಡಿಮೆ. ಹಾಗಾಗಿ ಹೈವೇಯಲ್ಲೂ ಸಾದಾ ಪೆಟ್ರೋಲ್‌ಗಿಂತ ಚೆನ್ನಾಗಿಯೇ ಕೊಡುತ್ತದೆ, ಆದರೆ ಊರೊಳಗಿನ ಅಂತರ ಸಿಗುವುದಿಲ್ಲ.

ಲೆಕ್ಕ ನೋಡಿ. ವರ್ಷಕ್ಕೆ 18,000 ಕಿ.ಮೀ., ಪೆಟ್ರೋಲ್ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. ನನ್ನಲ್ಲಿಗೆ ಬರುವ ಗಾಡಿಗಳಲ್ಲಿ ಹೈವೇ ಓಟಕ್ಕೆ ಹೈಬ್ರಿಡ್ 21, ಸಾದಾ ಪೆಟ್ರೋಲ್ 16 ಕಾಣುತ್ತೇನೆ. ಹೈಬ್ರಿಡ್‌ಗೆ 85,700 ರೂಪಾಯಿ, ಪೆಟ್ರೋಲ್‌ಗೆ 1,12,500. ವರ್ಷಕ್ಕೆ ಉಳಿಯುವುದು 27,000ದ ಒಳಗೆ. ನಿಮ್ಮ 3 ಲಕ್ಷ ವಾಪಸ್ ಬರಲು 11 ವರ್ಷ ಬೇಕು. ಇಷ್ಟೇ ಕಿಲೋಮೀಟರ್ ಮಂಗಳೂರು ಪೇಟೆಯೊಳಗೇ ಓಡಿದರೆ ಹೈಬ್ರಿಡ್ 24, ಪೆಟ್ರೋಲ್ 11 ಹಿಡಿಯಿರಿ. ವರ್ಷಕ್ಕೆ 88,000 ಉಳಿತಾಯ, ಮೂರೂವರೆ ವರ್ಷದೊಳಗೆ ದುಡ್ಡು ಬಂತು. ಗಾಡಿ ಅದೇ, ರಸ್ತೆ ಬೇರೆ.

ನಿಮ್ಮದು ಎರಡರ ನಡುವೆ. ಈಗಿನ ಕಾರಿನ ಮೀಟರಿನಲ್ಲಿ ಸರಾಸರಿ ವೇಗ ಒಂದು ತಿಂಗಳು ನೋಡಿ. 55ಕ್ಕಿಂತ ಮೇಲಿದ್ದರೆ ಡೀಸೆಲ್ ಕೂಡ ಓಡಿಸಿ ನೋಡಿ ತೀರ್ಮಾನ ಮಾಡಿ. 40ರ ಕೆಳಗಿದ್ದರೆ ಕಣ್ಣು ಮುಚ್ಚಿ ಹೈಬ್ರಿಡ್.

ಸುರತ್ಕಲ್ ಮೇಷ್ಟ್ರು: ಬಹಳ ಉಪಕಾರ ಅಣ್ಣ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಮೈಲೇಜ್ ರಾಜ: 21 ಅಂತೆ! ನನ್ನ ಹೈಬ್ರಿಡ್ ಮಂಗಳೂರು-ಉಡುಪಿ ರೋಡಿನಲ್ಲಿ 30 ಕೊಟ್ಟಿದೆ. ಸ್ಕ್ರೀನ್ ಫೋಟೋ ಉಂಟು ನನ್ನ ಹತ್ತಿರ.

ಕಟಪಾಡಿ ಡೀಸೆಲ್: ಸ್ಕ್ರೀನ್ ನಂಬಿ ಕೂತವರಿಗೆ ಏನು ಹೇಳುವುದು. ಟ್ಯಾಂಕ್ ಫುಲ್ ಮಾಡಿ, 400 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿ ಭಾಗಿಸಿ. ಆಮೇಲೆ ಮಾತಾಡಿ.

ಮೈಲೇಜ್ ರಾಜ: ನಾನು 60ರಲ್ಲಿ ಹೋಗುತ್ತೇನೆ. ನಿಮ್ಮ ಹಾಗೆ ಎಕ್ಸ್‌ಪ್ರೆಸ್ ಬಸ್ಸಿನ ಹಿಂದೆ ರೇಸ್ ಮಾಡುವುದಿಲ್ಲ.

ಕಟಪಾಡಿ ಡೀಸೆಲ್: ನಾಲ್ಕು ಲೇನ್ ರಸ್ತೆಯ ಬಲಗಡೆ 60ರಲ್ಲಿ ಹೋಗುವವರಿಂದಲೇ ಆಕ್ಸಿಡೆಂಟ್ ಆಗುವುದು.

ಗ್ಯಾರೇಜ್ ಅಣ್ಣ: 60ರಲ್ಲಿ 30 ಬರಬಹುದು, ಸುಳ್ಳಲ್ಲ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ಕ್ಕೂ 110ಕ್ಕೂ ಹೋಲಿಸಿದರೆ ಗಾಳಿಯ ತಡೆಯೇ ಹತ್ತಿರ ಹತ್ತಿರ ಎರಡು ಪಟ್ಟು. ಯಾವ ಗಾಡಿಯಾದರೂ ಸರಿ, 80-90ರಲ್ಲಿ ಎಡಗಡೆ ಹೋಗಿ. ಟ್ಯಾಂಕ್ ಫುಲ್ ಮಾಡಿ ಅಳೆಯಿರಿ, ಅದು ಸರಿಯಾದ ಮಾತು.

ಬ್ರಹ್ಮಾವರದ ತಮ್ಮ: ಸರ್, ಹೈವೇಗೆ ಹೈಬ್ರಿಡ್ ಒಳ್ಳೆಯದಾ?

ಗ್ಯಾರೇಜ್ ಅಣ್ಣ: ಮೇಲೆ ಮೇಷ್ಟ್ರಿಗೆ ಬರೆದದ್ದು ಓದಿ.

ಮೂಲ್ಕಿ-ದುಬೈ: ಅಣ್ಣ, ನಾನು ದುಬೈಯಲ್ಲಿ. ವರ್ಷಕ್ಕೆ ಒಂದು ತಿಂಗಳು ಊರಿಗೆ ಬರುವುದು. ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತೆಗೆದು ಮನೆಯಲ್ಲಿ ಇಡುವ ಅಂತ ಆಲೋಚನೆ. ಅಪ್ಪನಿಗೆ ಡ್ರೈವಿಂಗ್ ಬರುವುದಿಲ್ಲ.

ಗ್ಯಾರೇಜ್ ಅಣ್ಣ: ಬೇಡ. ಹೈಬ್ರಿಡ್ ನಿಲ್ಲಿಸಿಡುವ ಗಾಡಿಯಲ್ಲ. ದೊಡ್ಡ ಬ್ಯಾಟರಿಯಲ್ಲದೆ ಒಂದು 12 ವೋಲ್ಟ್ ಬ್ಯಾಟರಿಯೂ ಇರುತ್ತದೆ, ಅದು ಸತ್ತರೆ ಗಾಡಿ ರೆಡಿ ಆಗುವುದೇ ಇಲ್ಲ. ನಿಂತ ಗಾಡಿಗೆ ಇಲಿ ಸೇರಿದರೆ ವಯರ್ ಖರ್ಚು ಬೇರೆ. ಬಂದಾಗ ಬಾಡಿಗೆಗೆ ತಗೊಳ್ಳಿ. ತೆಗೆಯಲೇಬೇಕು ಅಂತಿದ್ದರೆ ವಾರಕ್ಕೊಮ್ಮೆ ಯಾರಾದರೂ ಬಂದು ಅರ್ಧ ಗಂಟೆ ಓಡಿಸುವ ವ್ಯವಸ್ಥೆ ಮೊದಲು ಮಾಡಿ.

ಶಂಕರಪುರ ಮಲ್ಲಿಗೆ: ಗುಂಪಿನವರ ಗಮನಕ್ಕೆ, ಫಾರ್ವರ್ಡ್ ಬಂದದ್ದು: ಟ್ಯಾಂಕ್‌ಗೆ ಎರಡು ನುಸಿಗುಳಿಗೆ ಹಾಕಿದರೆ ಮೈಲೇಜ್ 5 ಕಿ.ಮೀ. ಜಾಸ್ತಿ ಆಗುತ್ತದಂತೆ. ಬೆಳಿಗ್ಗೆ 6ಕ್ಕೆ ಪೆಟ್ರೋಲ್ ಹಾಕಿಸಿದರೆ ತಂಪಿಗೆ ಜಾಸ್ತಿ ಬರುತ್ತದಂತೆ. ನಿಜವಾ ಅಣ್ಣ?

ಗ್ಯಾರೇಜ್ ಅಣ್ಣ: ಎರಡೂ ಸುಳ್ಳು. ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಬಿಸಿಯ ವ್ಯತ್ಯಾಸ ತೀರಾ ಕಡಿಮೆ. ನುಸಿಗುಳಿಗೆ ಬಟ್ಟೆಯ ಕಪಾಟಿಗೆ. ಕರಗಿದ್ದು ಫಿಲ್ಟರ್, ಇಂಜೆಕ್ಟರ್ ದಾರಿಗೆ ಹೋಗುತ್ತದೆ, ಆಮೇಲೆ ಬಿಚ್ಚಿ ಕ್ಲೀನ್ ಮಾಡುವವನು ನಾನು. ದಯವಿಟ್ಟು ಯಾರೂ ಹಾಕಬೇಡಿ, ಮುಂದಕ್ಕೆ ಕಳಿಸಲೂ ಬೇಡಿ.

ಪಡುಬಿದ್ರಿ 94: ಇ20 ಪೆಟ್ರೋಲ್ ಬಂದ ಮೇಲೆ ಮೈಲೇಜ್ ಕಡಿಮೆ ಆಗಿದೆ ಅಂತಾರಲ್ಲ ಅಣ್ಣ?

ಗ್ಯಾರೇಜ್ ಅಣ್ಣ: ಸ್ವಲ್ಪ ಆಗುತ್ತದೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಮೂರರಲ್ಲೊಂದು ಪಾಲು ಕಡಿಮೆ, ಅದು ನೂರಕ್ಕೆ 20 ಸೇರಿದೆ. ಇ20ಗೇ ತಯಾರಾದ ಹೊಸ ಗಾಡಿ ತಗೊಳ್ಳಿ.

ಕದ್ರಿ ಅಕ್ಕ: ಅಣ್ಣ, ನನ್ನದು ಖರೀದಿಯ ಪ್ರಶ್ನೆ ಅಲ್ಲ, ಕ್ಷಮಿಸಿ. ನಮ್ಮದು ಸ್ಟ್ರಾಂಗ್ ಹೈಬ್ರಿಡ್, 38,000 ಕಿ.ಮೀ. ಆಗಿದೆ. ತಿಂಗಳಿಗೆ ಎರಡು ಸಲ ಮಂಗಳೂರು-ಬೆಂಗಳೂರು. ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಬ್ಯಾಟರಿ ಪುಕ್ಕಟೆ ಚಾರ್ಜ್ ಆಗುತ್ತದೆ ಅಂತ ನಮ್ಮವರಿಗೆ ಒಂದು ವಿಡಿಯೋ ಬಂದಿತ್ತು. ಅಂದಿನಿಂದ ಶಿರಾಡಿ ಇಳಿಯುವಾಗ ಹಾಗೇ ಮಾಡುತ್ತಾರೆ. ಕಳೆದ ಭಾನುವಾರ ಗುಂಡ್ಯ ಹತ್ತಿರ ಸುಟ್ಟ ವಾಸನೆ ಬಂತು, ಬ್ರೇಕ್ ಎಷ್ಟು ಒತ್ತಿದರೂ ಗಾಡಿ ಬೇಗ ನಿಲ್ಲಲಿಲ್ಲ. ಮುಂದೆ ಟ್ಯಾಂಕರ್ ಇತ್ತು. ಮಕ್ಕಳು ಹಿಂದೆ ಇದ್ದರು. ಕೆಳಗೆ ಬಂದ ಮೇಲೆ ಸರಿಯಾಯಿತು. ಏನೂ ಆಗುವುದಿಲ್ಲ ಅನ್ನುತ್ತಾರೆ. ನನಗೆ ಧೈರ್ಯ ಇಲ್ಲ.

ಗ್ಯಾರೇಜ್ ಅಣ್ಣ: ಅಕ್ಕ, ಮೊದಲ ಮಾತು: ಬ್ರೇಕ್ ತೋರಿಸುವ ತನಕ ಆ ಗಾಡಿಯಲ್ಲಿ ಘಾಟಿಗೆ ಹೋಗಬೇಡಿ. ಶಿರಾಡಿ ಬೇಡ, ಚಾರ್ಮಾಡಿ ಬೇಡ, ಆಗುಂಬೆಯೂ ಬೇಡ. ಈ ಉತ್ತರ ಭಾವನಿಗೂ ಓದಿ ಹೇಳಿ, ಸಿಟ್ಟು ಮಾಡಿಕೊಂಡರೂ ಪರವಾಗಿಲ್ಲ.

ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ತಲೆಕೆಳಗು. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ. ಚಕ್ರದಿಂದ ಶಕ್ತಿ ವಾಪಸ್ ತಗೊಳ್ಳುವ ಕೆಲಸವನ್ನೇ ಗಾಡಿ ನಿಲ್ಲಿಸಿಬಿಡುತ್ತದೆ. ಗೇರ್ 'ಡಿ'ಯಲ್ಲಿ (ಡ್ರೈವ್) ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಮೋಟರೇ ಗಾಡಿಯನ್ನು ಹಿಡಿಯುತ್ತದೆ, ಚಾರ್ಜೂ ಆಗುತ್ತದೆ. ನ್ಯೂಟ್ರಲ್ ಹಾಕಿದ ಕ್ಷಣ ಮೋಟರ್ ಕೈಬಿಟ್ಟಿತು, ಎಂಜಿನ್ ಕೈಬಿಟ್ಟಿತು. ಮನೆಮಂದಿ, ಬ್ಯಾಗ್, ಗಾಡಿ, ಎಲ್ಲಾ ಸೇರಿ ಒಂದೂವರೆ ಟನ್‌ಗಿಂತ ಜಾಸ್ತಿ ಭಾರ. ಅಷ್ಟನ್ನೂ ತಡೆಯುವುದು ನಾಲ್ಕು ಚಕ್ರದ ಬ್ರೇಕ್ ಪ್ಯಾಡ್ ಮಾತ್ರ. ತಿರುವಿನ ಮೇಲೆ ತಿರುವು, ಪ್ಯಾಡ್‌ಗೆ ತಣಿಯಲು ಪುರುಸೊತ್ತು ಎಲ್ಲಿ? ಬಿಸಿ ಮಿತಿ ಮೀರಿದಾಗ ಪ್ಯಾಡಿನ ಹಿಡಿತ ಬಿಡುತ್ತದೆ. ನಿಮಗೆ ಬಂದ ವಾಸನೆ ಅದು. ಒತ್ತಿದರೂ ನಿಲ್ಲದೆ ಹೋದದ್ದು ಅದಕ್ಕೇ. ಕೆಳಗೆ ಬಂದು ತಣಿದ ಮೇಲೆ ಸರಿಯಾದ ಹಾಗೆ ಕಾಣುತ್ತದೆ, ಹಾಗೆ ಕಾಣುವುದೇ ದೊಡ್ಡ ಅಪಾಯ, ಯಾಕೆಂದರೆ ಇನ್ನೊಂದು ಸಲ ಇಳಿಯುವ ಧೈರ್ಯ ಬರುತ್ತದೆ.

ಇನ್ನೊಂದು ವಿಷಯ. ನಿಮ್ಮ ಗಾಡಿಯ ಬ್ಯಾಟರಿ ಚಿಕ್ಕದು, ಹೈರೈಡರ್, ವಿಟಾರಾದಲ್ಲಿ 0.76 ಯೂನಿಟ್ ಮಾತ್ರ. ಉದ್ದದ ಘಾಟಿಯಲ್ಲಿ ಅರ್ಧ ದಾರಿಗೇ ತುಂಬಬಹುದು. ತುಂಬಿದ ಮೇಲೆ ಮೋಟರ್ ಜಾಸ್ತಿ ಹಿಡಿಯಲಾರದು. ಅದಕ್ಕೇ ಗೇರಿನಲ್ಲಿ 'ಬಿ' ಅಂತ ಇದೆ. 'ಬಿ' ಹಾಕಿದರೆ ಎಂಜಿನ್ ಪೆಟ್ರೋಲ್ ಇಲ್ಲದೆ ತಿರುಗಿ ಗಾಡಿಯನ್ನು ತಡೆಯುತ್ತದೆ. ಶಬ್ದ ಜೋರು ಬರುತ್ತದೆ, ಹೆದರಬೇಡಿ, ಅದು ಎಂಜಿನ್ ನಿಮ್ಮ ಬ್ರೇಕಿನ ಕೆಲಸ ಮಾಡುವ ಶಬ್ದ. ಇಳಿಯಲು ಶುರು ಮಾಡುವ ಮೊದಲೇ 'ಬಿ', ಕೆಳಗೆ ಸಮತಟ್ಟು ಬಂದ ಮೇಲೆ 'ಡಿ'.

ತೋರಿಸುವಾಗ ಹೇಳಬೇಕಾದದ್ದು: ಮುಂದಿನ ಪ್ಯಾಡ್ ಬಿಚ್ಚಿ ಮೇಲ್ಮೈ ನೋಡಬೇಕು, ಡಿಸ್ಕ್ ನೀಲಿ ತಿರುಗಿದೆಯಾ ನೋಡಬೇಕು, ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಪಿನ್ ಸಲೀಸಾಗಿ ಜಾರುತ್ತದಾ ನೋಡಬೇಕು. ಹೈಬ್ರಿಡ್‌ನಲ್ಲಿ ಪ್ಯಾಡ್ ಸವೆಯುವುದು ನಿಧಾನ ಅಂತ ಯಾರೂ ಬಿಚ್ಚಿ ನೋಡುವುದೇ ಇಲ್ಲ, ನಮ್ಮ ಕಡಲತಡಿಯ ಉಪ್ಪು ಗಾಳಿಗೆ ಪಿನ್ ತುಕ್ಕು ಹಿಡಿದು ಕೂತಿರುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿರುವಾಗ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ, ತೇವ ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹೈಬ್ರಿಡ್‌ನ ಬ್ರೇಕ್ ಕೆಲಸಕ್ಕೆ ಸ್ಕ್ಯಾನರ್ ಬೇಕು, ಗೊತ್ತಿಲ್ಲದವರ ಕೈಗೆ ಕೊಡಬೇಡಿ. ದಾರಿಯಲ್ಲಿ ಮತ್ತೆ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ಬಿಡಿ. ಬಿಸಿ ಚಕ್ರಕ್ಕೆ ನೀರು ಹೊಯ್ಯಬೇಡಿ, ಡಿಸ್ಕ್ ಸೊಟ್ಟ ಆಗುತ್ತದೆ.

ಕದ್ರಿ ಅಕ್ಕ: ಓದಿ ಹೇಳಿದೆ ಅಣ್ಣ. ಮಾತೇ ಆಡಲಿಲ್ಲ. ಬುಧವಾರ ತರುತ್ತೇವೆ.

ಮೈಲೇಜ್ ರಾಜ: ನಾನು 15 ವರ್ಷದಿಂದ ಘಾಟಿಯಲ್ಲಿ ನ್ಯೂಟ್ರಲ್ ಹಾಕುತ್ತಿದ್ದೇನೆ, ಏನೂ ಆಗಿಲ್ಲ. ಅನುಭವಕ್ಕೂ ಬೆಲೆ ಕೊಡಿ.

ಗ್ಯಾರೇಜ್ ಅಣ್ಣ: ಇದನ್ನು ನಂಬಿ ಗುಂಪಿನಲ್ಲಿ ಒಬ್ಬರು ಹಾಕಿದರೆ ಜವಾಬ್ದಾರಿ ಯಾರದ್ದು? ಇಂಜೆಕ್ಷನ್ ಇರುವ ಗಾಡಿ ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಕುಡಿಯುವುದೇ ಇಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದರೆ ಐಡಲ್‌ಗೆ ಕುಡಿಯುತ್ತದೆ. ಉಳಿತಾಯವೂ ಇಲ್ಲ, ಬ್ರೇಕೂ ಇಲ್ಲ. ಆ ಮೆಸೇಜ್ ಅಳಿಸಿ.

ಕಟಪಾಡಿ ಡೀಸೆಲ್: ಅದಕ್ಕೇ ಹೇಳುವುದು, ಡೀಸೆಲ್ ಮ್ಯಾನುವಲ್ ತಗೊಳ್ಳಿ. ಸೆಕೆಂಡ್ ಗೇರ್ ಹಾಕಿದರೆ ಮುಗಿಯಿತು. ಕ್ರೆಟಾ ಡೀಸೆಲ್ ಟೆಸ್ಟ್ ನಂಬರೇ 21.8. ಹೈವೇ ರಾಜ.

ಕೊಟ್ಟಾರ ಇವಿ: ಹೈಬ್ರಿಡ್, ಡೀಸೆಲ್ ಎರಡೂ ಹಳೇ ಕಾಲದ್ದು. ಮನೆಯಲ್ಲಿ ಚಾರ್ಜ್ ಮಾಡಿ ಉಡುಪಿಗೆ ಹೋಗಿ ಬಂದರೆ ಖರ್ಚೆಷ್ಟು ಅಂತ ಲೆಕ್ಕ ಹಾಕಿದ್ದೀರಾ?

ಕಟಪಾಡಿ ಡೀಸೆಲ್: ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದಾಗ ಹೇಳಿ ಲೆಕ್ಕ.

ಕೊಟ್ಟಾರ ಇವಿ: ನಿಮ್ಮ ಹೊಗೆ ಕುಡಿಯುವುದು ನಾವು.

ಕಟಪಾಡಿ ಡೀಸೆಲ್: ಬಿಎಸ್6ಗೆ ಫಿಲ್ಟರ್ ಉಂಟು ಮಾರಾಯ್ರೆ, ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಉತ್ತರ ಕೊಡುವವರ ಸಮಯ ಹಾಳು ಮಾಡಬೇಡಿ.

ಕಾಪು ಬೀಚ್: ಅಣ್ಣ, ಆ ಡೀಸೆಲ್ ಫಿಲ್ಟರ್ ತೊಂದರೆ ಕೊಡುತ್ತದಾ?

ಗ್ಯಾರೇಜ್ ಅಣ್ಣ: ಹೈವೇ ಓಡಿಸುವವರಿಗೆ ಇಲ್ಲ. ಮಸಿ ಸುಟ್ಟು ಖಾಲಿಯಾಗಲು ಅದಕ್ಕೆ ಉದ್ದದ ಓಟ ಬೇಕು. ದಿನಾ 4 ಕಿ.ಮೀ. ಅಂಗಡಿಗೆ ಹೋಗಿ ಬರುವವರು ಡೀಸೆಲ್ ತಗೊಳ್ಳಲೇಬೇಡಿ.

ಬಿ.ಸಿ. ರೋಡ್ ಹುಡುಗ: ಉತ್ತರ ಪ್ರದೇಶದಲ್ಲಿ 2024ರಲ್ಲಿ ಹೈಬ್ರಿಡ್‌ಗೆ ರೋಡ್ ಟ್ಯಾಕ್ಸ್ ಬಿಟ್ಟರಲ್ಲ, ಅಲ್ಲಿರುವ ದೊಡ್ಡಪ್ಪನ ಮಗನ ಹೆಸರಲ್ಲಿ ತೆಗೆದರೆ?

ಗ್ಯಾರೇಜ್ ಅಣ್ಣ: ಇಲ್ಲಿ ಓಡಿಸುವ ಗಾಡಿಗೆ ಇಲ್ಲೇ ಟ್ಯಾಕ್ಸ್ ಕಟ್ಟಿ.

ಮಣಿಪಾಲ ಅಪ್ಪು: ಹೈಬ್ರಿಡ್ ಬ್ಯಾಟರಿ ಹೋದರೆ ಲಕ್ಷಗಟ್ಟಲೆ ಅಂತೆ, ಹೌದಾ? ಮತ್ತೆ ಸನ್‌ರೂಫ್ ನಮ್ಮ ಮಳೆಗೆ ಸೋರುತ್ತದಾ?

ಗ್ಯಾರೇಜ್ ಅಣ್ಣ: ಟೊಯೋಟಾ, ಮಾರುತಿ ಎರಡೂ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಬ್ಯಾಟರಿ ಇರುವ ಕಾರಣ ಡಿಕ್ಕಿಯ ಜಾಗ ಕಡಿಮೆ, ತಗೊಳ್ಳುವ ಮೊದಲು ನಿಮ್ಮ ಸೂಟ್‌ಕೇಸ್ ಇಟ್ಟು ನೋಡಿ.

ಬ್ರಹ್ಮಾವರದ ತಮ್ಮ: ಸರ್, ಹೈಬ್ರಿಡ್ ಅಥವಾ ಡೀಸೆಲ್, ಒಂದೇ ಮಾತಿನಲ್ಲಿ ಹೇಳಿ ಪ್ಲೀಸ್.

ಗ್ಯಾರೇಜ್ ಅಣ್ಣ: ಮೇಲೆ ಓದಿ ಅಂತ ಹೇಳಿದ್ದೇನೆ.

ಪಡುಬಿದ್ರಿ 94: 2019ರ ಡೀಸೆಲ್ ಎಸ್‌ಯುವಿ ಸೆಕೆಂಡ್ ಹ್ಯಾಂಡ್ 7 ಲಕ್ಷಕ್ಕೆ ಇದೆ, ತಗೊಳ್ಳಲಾ?

ಶಂಕರಪುರ ಮಲ್ಲಿಗೆ: ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಜಾಸ್ತಿ ಅಂತ ಇನ್ನೊಂದು ಬಂದಿದೆ...

ಗ್ಯಾರೇಜ್ ಅಣ್ಣ: ಇಲ್ಲ. ಇನ್ನು ಫಾರ್ವರ್ಡ್‌ಗೆ ಉತ್ತರ ಕೊಡುವುದಿಲ್ಲ.

ಕದ್ರಿ ಅಕ್ಕ: ಅಣ್ಣ, ಇವತ್ತು ನೀವು ಗಾಡಿ ನೋಡಿದ್ದು ಗುಂಪಿಗೂ ಹೇಳಿ, ನಾನೇ ಒಪ್ಪಿಗೆ ಕೊಟ್ಟಿದ್ದೇನೆ.

ಗ್ಯಾರೇಜ್ ಅಣ್ಣ: ಮುಂದಿನ ಎರಡೂ ಪ್ಯಾಡ್ ಸುಟ್ಟು ಗಾಜಿನ ಹಾಗೆ ನಯ ಆಗಿತ್ತು. ಡಿಸ್ಕ್‌ನಲ್ಲಿ ನೀಲಿ ಬಳೆ. ಎಡಗಡೆ ಕ್ಯಾಲಿಪರ್‌ನ ಒಂದು ಪಿನ್ ಜಾರುತ್ತಲೇ ಇರಲಿಲ್ಲ. ಪ್ಯಾಡ್, ಡಿಸ್ಕ್, ಆಯಿಲ್ ಬದಲಿಸಿದೆ, ಪಿನ್ ಗ್ರೀಸ್ ಮಾಡಿದೆ. ಭಾವನನ್ನು ಕೂರಿಸಿಕೊಂಡು ಮಣಿಪಾಲದ ಇಳಿಜಾರಿನಲ್ಲಿ 'ಬಿ' ಹಾಕಿ ಮೂರು ಸಲ ಇಳಿಸಿ ತೋರಿಸಿದೆ. ಮೂರನೇ ಸಲ ಅವರೇ ಓಡಿಸಿದರು. 500 ಕಿ.ಮೀ. ಆದ ಮೇಲೆ ಮತ್ತೆ ತನ್ನಿ ಅಕ್ಕ, ಪ್ಯಾಡ್ ಕೂತದ್ದು ನೋಡಬೇಕು.