ಹರಾಜಿಗಿಟ್ಟ ಕ್ಯಾಮೆರಾದ 14 ಫೋಟೋ: ಕ್ರಮ ತಪ್ಪಿದೆ, ಎರಡು ಅಡ್ಡ ಬಿದ್ದಿವೆ

ಮಲೆನಾಡ್_ಟಿಎಲ್ಆರ್:
ಚಿಕ್ಕಪ್ಪನ ಯಾಶಿಕಾ ಮ್ಯಾಟ್ 124ಜಿ ಕ್ಯಾಮೆರಾವನ್ನು (ಮೇಲೊಂದು ಕೆಳಗೊಂದು ಲೆನ್ಸ್ ಇರುವ ಹಳೇ ಫಿಲ್ಮ್ ಕ್ಯಾಮೆರಾ) ಒಂದು ಹರಾಜು ಸೈಟ್‌ನಲ್ಲಿ ಮಾರಾಟಕ್ಕೆ ಹಾಕುತ್ತಿದ್ದೇನೆ. ಫೋನಿನಲ್ಲಿ 14 ಫೋಟೋ ತೆಗೆದೆ. ಅವನ್ನು ಜೋಡಿಸುವುದರಲ್ಲೇ ಎರಡು ದಿನ ಹೋಯಿತು.

ಫೈಲುಗಳಿಗೆ 1, 2, 3 ಅಂತ ಹೆಸರಿಟ್ಟು ಒಟ್ಟಿಗೆ ಅಪ್‌ಲೋಡ್ ಮಾಡಿದರೆ 1ರ ಪಕ್ಕ 10, 11 ಬಂದು ಕೂರುತ್ತವೆ. 2 ಎಲ್ಲೋ ಹಿಂದೆ. ಲೆನ್ಸಿನ ಎರಡು ಫೋಟೋ ಅಡ್ಡ ಮಲಗಿವೆ, ನನ್ನ ಫೋನಿನಲ್ಲಿ ಮಾತ್ರ ನೆಟ್ಟಗಿವೆ. ಇನ್ನು ವಿವರಣೆಯಲ್ಲಿ ಎರಡೆರಡು ಫೋಟೋ ಪಕ್ಕಪಕ್ಕ ಇರಲಿ ಅಂತ ಎಚ್‌ಟಿಎಂಎಲ್‌ನಲ್ಲಿ ಒಂದೊಂದಕ್ಕೂ 50 ಪರ್ಸೆಂಟ್ ಅಗಲ ಕೊಟ್ಟೆ. ಎರಡನೆಯದು ಕೆಳಗೆ ಜಾರುತ್ತದೆ. 50ಕ್ಕೆ 50 ಸೇರಿದರೆ 100 ಅಲ್ವಾ? ಎಲ್ಲಿ ತಪ್ಪಿದೆ ಹೇಳಿ.

ಕತ್ತಲೆಕೋಣೆ:
ಲೆಕ್ಕ ಸರಿಯಾಗಿದೆ, ನಡುವೆ ಒಂದು ಸ್ಪೇಸ್ ನುಸುಳಿದೆ. ಮೊದಲ ಫೋಟೋದ ಟ್ಯಾಗ್ (ಫೋಟೋ ತೋರಿಸು ಅನ್ನುವ ಎಚ್‌ಟಿಎಂಎಲ್ ತುಣುಕು) ಮುಗಿಸಿ ಎಂಟರ್ ಒತ್ತಿ ಎರಡನೆಯದನ್ನು ಬರೆದಿರುತ್ತೀರಿ. ಬ್ರೌಸರ್ ಆ ಎಂಟರ್ ಅನ್ನು ಎರಡು ಪದಗಳ ನಡುವಿನ ಖಾಲಿ ಜಾಗದ ಹಾಗೆ ಎಣಿಸುತ್ತದೆ. 100 ದಾಟಿತು, ಜಾರಿತು. ಎರಡು ಟ್ಯಾಗುಗಳನ್ನು ಅಂಟಿಸಿ ಬರೆಯಿರಿ, ಇಲ್ಲವೇ ಅಗಲ 48 ಮಾಡಿ. ನಾನು 48 ಮಾಡುತ್ತೇನೆ, ತಲೆಬಿಸಿ ಇಲ್ಲ. ಒಂದು ಉದ್ದ, ಒಂದು ಗಿಡ್ಡ ಫೋಟೋ ಇದ್ದರೆ ಎರಡರ ಮೇಲಂಚು ಸಮ ಕೂರಲು ವರ್ಟಿಕಲ್ ಅಲೈನ್ ಅನ್ನು ಟಾಪ್ ಅಂತ ಕೊಡಿ.

ಟೇಬಲ್ ಮಾಡಿ ಪಿಕ್ಸೆಲ್ ಲೆಕ್ಕದಲ್ಲಿ ಅಗಲ ಕಟ್ಟಿಹಾಕಬೇಡಿ. ಕಂಪ್ಯೂಟರ್‌ನಲ್ಲಿ ಚೆಂದ ಕಾಣುತ್ತದೆ, ಫೋನಿನಲ್ಲಿ ಅರ್ಧ ಕ್ಯಾಮೆರಾ ಪರದೆಯ ಆಚೆ ಇರುತ್ತದೆ.

ಹಳೇರೀಲು:
ಕ್ರಮದ ವಿಷಯ: ನೀವು ಅಂಕಿ ಅಂದುಕೊಂಡದ್ದನ್ನು ಸೈಟು ಅಕ್ಷರ ಅಂತ ಓದುತ್ತಿದೆ. 10ರ ಮೊದಲ ಅಕ್ಷರ 1, ಹಾಗಾಗಿ ಅದು 2ಕ್ಕಿಂತ ಮುಂದೆ. 01, 02 ಅಂತ ಹೆಸರಿಡಿ. ಆಮೇಲೂ ಹಿಂದುಮುಂದಾದರೆ ಒಟ್ಟಿಗೆ ಹಾಕಬೇಡಿ. ಕೆಲವು ಕಡೆ ಯಾವ ಫೈಲು ಮೊದಲು ಹತ್ತುತ್ತದೋ ಅದೇ ಮುಂದೆ ಕೂರುತ್ತದೆ, ಚಿಕ್ಕ ಫೈಲು ದೊಡ್ಡದನ್ನು ಹಿಂದೆ ಹಾಕುತ್ತದೆ.

ಅಡ್ಡ ಬೀಳುವುದಕ್ಕೆ ಕಾರಣ ಬೇರೆ. ಫೋನನ್ನು ಹೇಗೇ ಹಿಡಿದರೂ ಅದು ಸಾಮಾನ್ಯವಾಗಿ ಸೆನ್ಸರ್ ಕಂಡಂತೆಯೇ ಚಿತ್ರ ಉಳಿಸಿ, 'ಇದನ್ನು ತಿರುಗಿಸಿ ತೋರಿಸು' ಅಂತ ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗೆ ಅಡಗಿರುವ ಮಾಹಿತಿ) ಒಂದು ಗುರುತು ಹಾಕುತ್ತದೆ. ಗ್ಯಾಲರಿ ಆ ಗುರುತು ನೋಡುತ್ತದೆ, ಎಲ್ಲ ಸೈಟುಗಳೂ ನೋಡುವುದಿಲ್ಲ. ಸುಮ್ನೆ ತಿರುಗಿಸಿದರೆ ಕೆಲವು ಆ್ಯಪ್‌ಗಳು ಗುರುತನ್ನಷ್ಟೇ ಬದಲಿಸುತ್ತವೆ. ಅಂಚಿನಲ್ಲಿ ಕೂದಲೆಳೆಯಷ್ಟು ಕ್ರಾಪ್ ಮಾಡಿ ಹೊಸ ಕಾಪಿಯಾಗಿ ಉಳಿಸಿ.

ಮಲೆನಾಡ್_ಟಿಎಲ್ಆರ್:
ವಾಟ್ಸಾಪ್‌ನಲ್ಲಿ ನನಗೇ ಕಳಿಸಿಕೊಂಡು ಇಳಿಸಿದೆ, ನೆಟ್ಟಗಾಯಿತು! ಇದೇ ಸುಲಭ ಅಲ್ವಾ?

ಹಳೇರೀಲು:
ಅಯ್ಯೋ ಬೇಡ ಮಾರಾಯ್ರೆ. ಅದು ಫೋಟೋವನ್ನು ಹಿಂಡಿ ಕಳಿಸುತ್ತದೆ. ಲೆನ್ಸಿನ ಒಳಗೆ ಬೂಷ್ಟು ಇದ್ದರೆ ಫೋಟೋದಲ್ಲಿ ಅದು ನಯವಾಗಿ ಮಾಯವಾಗುತ್ತದೆ. ಕೊಂಡವರು ಆಮೇಲೆ ನಿಮ್ಮನ್ನೇ ಬೈಯುತ್ತಾರೆ.

ಜರ್ಸಿ_ಕನ್ನಡಿಗ:
ನಾನು ಇಲ್ಲಿ ಇಬೇಯಲ್ಲಿ ಹಳೇ ಕ್ಯಾಮೆರಾ ಮಾರುತ್ತಿರುತ್ತೇನೆ. ಅಲ್ಲಿ ಒಂದು ವಸ್ತುವಿಗೆ 24 ಫೋಟೋ ಹಾಕಬಹುದು, ಉದ್ದದ ಬದಿ ಕನಿಷ್ಠ 500 ಪಿಕ್ಸೆಲ್ ಇರಬೇಕು. ಚೌಕಟ್ಟು ಹಾಕುವುದು, ಫೋಟೋ ಮೇಲೆ ಅಕ್ಷರ ಬರೆಯುವುದು ನಡೆಯುವುದಿಲ್ಲ. ನಿಮ್ಮ ಸೈಟಿನ ನಿಯಮ ನೋಡಿಕೊಳ್ಳಿ. ಆದರೆ ವಿವರಣೆಯಲ್ಲಿ ಫೋಟೋ ಜೋಡಿಸುವುದಕ್ಕೆ ಇಷ್ಟು ಒದ್ದಾಡುವುದು ದಂಡ ಅನ್ನಿಸುತ್ತದೆ. ಜಾಸ್ತಿ ಜನ ಪುಟದ ಮೇಲಿನ ಫೋಟೋ ಸಾಲನ್ನೇ ಬೆರಳಲ್ಲಿ ಸರಿಸಿ ನೋಡುತ್ತಾರೆ. ಆ ಸಾಲು ಸರಿಯಿದ್ದರೆ ಸಾಕು.

ಅಂಗಡಿಯಲ್ಲಿ ಹಳೇ ಕ್ಯಾಮೆರಾ ಕೈಗೆ ಕೊಟ್ಟರೆ ನೀವೇನು ಮಾಡುತ್ತೀರಿ? ಮೊದಲು ಎದುರಿಗೆ ಹಿಡಿದು ನೋಡುತ್ತೀರಿ. ಅದೇ ಮೊದಲ ಫೋಟೋ: ಎರಡೂ ಲೆನ್ಸ್ ಕಾಣುವಂತೆ, ಹಿಂದೆ ಬರೀ ಬಿಳಿ ಬಟ್ಟೆ. ಹುಡುಕಿದಾಗ ಅದೊಂದೇ ಚಿಕ್ಕದಾಗಿ ಕಾಣುವುದು, ಹಾಗಾಗಿ ಅಲ್ಲಿ ಕೊಲಾಜ್ ಬೇಡ. ಆಮೇಲೆ ತಿರುಗಿಸುತ್ತೀರಿ, ಮೇಲಿನ ಮುಚ್ಚಳ ಎತ್ತಿ ಗಾಜಿನಲ್ಲಿ ಇಣುಕುತ್ತೀರಿ. 124ಜಿಯಲ್ಲಿ ಮುಚ್ಚಳ ಎತ್ತಿದಾಗಲೇ ಬೆಳಕು ಅಳೆಯುವ ಮೀಟರ್ ಚಾಲೂ ಆಗುವುದು, ಮುಳ್ಳು ಎದ್ದಿದ್ದರೆ ಅದರದ್ದೂ ಒಂದು ಇರಲಿ. ಮುಂದಕ್ಕೆ ಕೆಳಗಿನ ಲೆನ್ಸು. ಹಿಂಬಾಗಿಲು ತೆರೆದು, ಶಟರನ್ನು 'ಬಿ' (ಒತ್ತಿ ಹಿಡಿದಷ್ಟು ಹೊತ್ತು ತೆರೆದೇ ಇರುವುದು) ಮೇಲಿಟ್ಟು ಒತ್ತಿ ಹಿಡಿದು, ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆಯಿರಿ. ಬೂಷ್ಟು, ಗೀರು, ಧೂಳು ಎಲ್ಲ ಬಯಲಾಗುತ್ತದೆ. ಫಿಲ್ಮ್ ಕೂರುವ ಜಾಗ, ಬೆಳಕು ನುಸುಳದಂತೆ ಅಂಟಿಸಿರುವ, ಈಗ ಜಿಗುಟಾದ ಸ್ಪಾಂಜು, ಸೀರಿಯಲ್ ನಂಬರ್ ಕೊನೆಗೆ ಬಂದರೂ ನಡೆಯುತ್ತದೆ.

ಬೂಷ್ಟಿನ ಫೋಟೋ 14ನೆಯದಾಗಿ ಮೂಲೆಗೆ ಹೋಗಬಾರದು. ನಾನು ಐದನೆಯದಾಗಿ ಇಡುತ್ತೇನೆ. ಕೂಗುವವರು ಕಡಿಮೆಯಾಗಬಹುದು, ವಾಪಸ್ ಕಳಿಸುವವರೂ ಕಡಿಮೆಯಾಗುತ್ತಾರೆ.

ಕತ್ತಲೆಕೋಣೆ:
ಒಪ್ಪಿದೆ. ಇನ್ನೊಂದು, ಮೊದಲ ಕೂಗು ಬೀಳುವ ಮುಂಚೆ ಎಲ್ಲ ತಿದ್ದಿ ಮುಗಿಸಿ. ಆಮೇಲೆ ಬದಲಿಸಲು ಕೆಲವು ಸೈಟುಗಳು ಬಿಡುವುದಿಲ್ಲ.

ಮಲೆನಾಡ್_ಟಿಎಲ್ಆರ್:
01, 02 ಹೆಸರಿಟ್ಟ ಮೇಲೆ ಕ್ರಮ ಕೂತಿತು. 48 ಕೂಡ ಕೆಲಸ ಮಾಡಿತು, ಆದರೆ ವಿವರಣೆಯಲ್ಲಿ ಈಗ ಎರಡೇ ಫೋಟೋ ಉಳಿಸಿದ್ದೇನೆ. ಕ್ರಾಪ್ ಮಾಡಿದರೂ ಒಂದು ಅಡ್ಡವೇ ಇತ್ತು. ನೋಡಿದರೆ ನಾನು ಹಾಕಿದ್ದು ಹಳೇ ಫೈಲು! ಟಾರ್ಚ್ ಫೋಟೋದಲ್ಲಿ ಅಂಚಿಗೆ ಜೇಡರ ಬಲೆಯಂತೆ ಒಂದು ಎಳೆ ಕಂಡಿತು. ನಮ್ಮೂರ ಮಳೆಗಾಲದ ಕೊಡುಗೆ. ಅದು ಐದನೇ ಜಾಗದಲ್ಲಿದೆ. ಕನಿಷ್ಠ ಬೆಲೆ ಸ್ವಲ್ಪ ಇಳಿಸಿದ್ದೇನೆ.