ದಿನಾ ಬೆಳಿಗ್ಗೆ ವಿಂಡೋ ಎಳೆದು ಎಳೆದು ಸಾಕಾಯ್ತು, ಒಂದೇ ಸೈಜ್‌ಗೆ ನಿಲ್ಲಿಸೋದು ಹೆಂಗೆ?

ಕೇಳಿದವರು: ಜೆರಾಕ್ಸ್ ಅಂಗಡಿ, ಮಂಡಿಪೇಟೆ, ದಾವಣಗೆರೆ

ನಮ್ಮದು ಸಣ್ಣ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬೋ ಅಂಗಡಿ. ವಿಂಡೋಸ್ 11, ಒಂದೇ ಮಾನಿಟರ್, 1920×1080. ಎಡಗಡೆ ಗಿರಾಕಿಯ ಆಧಾರ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿಟ್ಟ ಫೋಲ್ಡರ್, ಬಲಗಡೆ ಕ್ರೋಮ್. ಹಿಂಗಿದ್ದರೆ ನೋಡ್ಕೊಂಡು ಟೈಪ್ ಮಾಡೋದು ಸಲೀಸು. ಆದರೆ ಬೆಳಿಗ್ಗೆ ಕ್ರೋಮ್ ತೆರೆದರೆ ಒಂದು ದಿನ ಪರದೆ ತುಂಬ, ಇನ್ನೊಂದು ದಿನ ಅಂಗೈಯಷ್ಟು. ಸರಿ ಮಾಡ್ತೀನಿ, ಮರುದಿನ ಅದೇ ಹಾಡು. ಸೆಟ್ಟಿಂಗ್ಸ್‌ನಲ್ಲಿ ‘ಎಲ್ಲಾ ವಿಂಡೋ ಇಷ್ಟೇ ಅಗಲ ತೆರೀಬೇಕು’ ಅಂತ ಹಾಕೋ ಜಾಗ ಎಲ್ಲಿದೆ? ಅನುಭವ ಇರೋರು ಹೇಳಿ.

ಕಂಪ್ಯೂಟರ್ ರಿಪೇರಿ, ಪಿ.ಜೆ. ಬಡಾವಣೆ

ಆ ಜಾಗ ಇಲ್ಲವೇ ಇಲ್ಲ ಅಣ್ಣಾ, ಹುಡುಕೋದು ಬಿಡ್ರಿ. ವಿಂಡೋಸ್‌ನಲ್ಲಿ ಎಲ್ಲದಕ್ಕೂ ಸೇರಿ ಒಂದು ಅಳತೆ ಅನ್ನೋದು ಇಲ್ಲ. ಒಂದೊಂದು ಪ್ರೋಗ್ರಾಮ್ ತನ್ನ ಅಳತೆ ತಾನೇ ನೆನಪಿಟ್ಟುಕೊಳ್ತೈತಿ. ಮುಚ್ಚೋ ಹೊತ್ತಿಗೆ ಎಷ್ಟಿತ್ತೋ ನಾಳೆ ಅಷ್ಟೇ ತೆರೀತೈತಿ. ನೀವು ಬೆಳಿಗ್ಗೆ ಎಷ್ಟು ಚೆಂದ ಜೋಡಿಸಿದ್ರಿ ಅನ್ನೋದು ಅದಕ್ಕೆ ಬೇಕಾಗಿಲ್ಲ, ರಾತ್ರಿ ಹೆಂಗ ಮುಚ್ಚಿದ್ರಿ ಅನ್ನೋದೇ ಲೆಕ್ಕ.

ಹಿಂಗ ಮಾಡ್ರಿ. ಕ್ರೋಮ್‌ದು ಎರಡು ಮೂರು ವಿಂಡೋ ಇದ್ದರೆ ಮೊದಲು ಉಳಿದವನ್ನ ಮುಚ್ಚಿ ಒಂದೇ ಇಟ್ಕೊಳ್ರಿ. ಪರದೆ ತುಂಬ ಇದ್ದರೆ ನಡುವಿನ ಚೌಕ ಒತ್ತಿ ಸಣ್ಣದು ಮಾಡಿ, ಅಂಚು ಹಿಡಿದು ಬೇಕಾದಷ್ಟು ಎಳೀರಿ, ಆಮೇಲೆ ಮೂಲೆಯ ಇಂಟು ಮಾರ್ಕ್ ಒತ್ತಿ ಮುಚ್ಚಿರಿ. ಮತ್ತೆ ತೆರೆದು ನೋಡ್ರಿ. ಫೋಲ್ಡರ್‌ಗೂ ಇದೇ ಪಾಠ. ಬಹಳ ಜನ ವಿಂಡೋಸ್ ಕೀ ಜೊತೆ ಬಾಣದ ಕೀ ಒತ್ತಿ ಅರ್ಧ ಪರದೆಗೆ ಅಂಟಿಸ್ತಾರೆ. ಅದು ಆ ಹೊತ್ತಿನ ಕೆಲಸಕ್ಕೆ ಭೇಷ್, ಆದರೆ ನಾನು ನೋಡಿದಂಗೆ ಎಷ್ಟೋ ಪ್ರೋಗ್ರಾಮ್ ಅಂಟಿಸಿದ ಅಳತೆ ಬಿಟ್ಟು ಅದಕ್ಕಿಂತ ಮುಂಚಿನದನ್ನೇ ನೆನಪಿಟ್ಟುಕೊಳ್ತಾವು. ಕೈಯಿಂದ ಎಳೆದದ್ದೇ ಗಟ್ಟಿ.

ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ‘ರನ್’ ಅಂತ ಒಂದು ಪಟ್ಟಿ ಸಿಗ್ತೈತಿ. ಯಾರಾದರೂ ಅದನ್ನ ಹೇಳಿಯೇ ಹೇಳ್ತಾರೆ ಅಂತ ಮುಂಚೇನೇ ಹೇಳಿಬಿಡ್ತೀನಿ: ನಾರ್ಮಲ್, ಮಿನಿಮೈಸ್ಡ್, ಮ್ಯಾಕ್ಸಿಮೈಸ್ಡ್ ಅಂತ ಮೂರೇ. ಅಳತೆ ಬರೆಯೋ ಅವಕಾಶ ಇಲ್ಲ, ಕೆಲವು ಪ್ರೋಗ್ರಾಮ್ ಅದನ್ನೂ ಕೇಳಂಗಿಲ್ಲ.

ಡಿಟಿಪಿ ಕೆಲಸ, ಚಿತ್ರದುರ್ಗ

ಮದುವೆ ಸೀಸನ್‌ನಲ್ಲಿ ದಿನಕ್ಕೆ ಹತ್ತು ಲಗ್ನಪತ್ರಿಕೆ ತಿದ್ದೋಳು ನಾನು. ಒಂದು ಕಡೆ ಗಿರಾಕಿ ವಾಟ್ಸ್ಆಪ್‌ನಲ್ಲಿ ಕಳಿಸಿದ ಕೈಬರಹ, ಇನ್ನೊಂದು ಕಡೆ ಪೇಜ್. ನನ್ನನ್ನ ಉಳಿಸಿದ್ದು ಪವರ್‌ಟಾಯ್ಸ್. ಮೈಕ್ರೋಸಾಫ್ಟ್‌ನವರದೇ, ದುಡ್ಡು ಕೊಡಬೇಕಿಲ್ಲ. ಅದರೊಳಗೆ ಫ್ಯಾನ್ಸಿಝೋನ್ಸ್ ಅಂತ ಇದೆ. ಪರದೆಗೆ ಗೆರೆ ಹಾಕಿ ಅಂಕಣ ಮಾಡಿಕೊಳ್ಳಬಹುದು, ಹೊಲಕ್ಕೆ ಬದು ಹಾಕಿದ ಹಾಗೆ. ನಾನು ಎಡಕ್ಕೆ 35, ಬಲಕ್ಕೆ 65 ಪಾಲು ಮಾಡಿಕೊಂಡಿದ್ದೀನಿ. ಶಿಫ್ಟ್ ಒತ್ತಿ ಹಿಡಿದು ವಿಂಡೋ ಎಳೆದರೆ ಅಂಕಣಗಳು ಕಾಣಿಸ್ತವೆ, ಬಿಟ್ಟರೆ ಸರಿಯಾಗಿ ಕೂರುತ್ತೆ. ಹೊಸದಾಗಿ ತೆರೆದ ವಿಂಡೋ ಹಿಂದಿನ ಸಲ ಇದ್ದ ಅಂಕಣಕ್ಕೇ ಹೋಗಲಿ ಅನ್ನೋ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿದೆ, ಅದಕ್ಕೆ ಟಿಕ್ ಹಾಕೋದು ಮರೀಬೇಡಿ. ಮರೆತು ಒಂದು ವಾರ ‘ಇದೂ ದಂಡ’ ಅಂತ ಬೈಕೊಂಡಿದ್ದೆ. ನಿಮ್ಮ ಬೇಡಿಕೆಗೆ ಇದೇ ಹತ್ತಿರ ಅಣ್ಣಾ.

ಕಾಲೇಜು ಲ್ಯಾಬ್, ಶಾಮನೂರು ರಸ್ತೆ

ಲಿನಕ್ಸ್ ಇಟ್ಟುಕೊಂಡವರು ಯಾರಾದರೂ ಓದ್ತಿದ್ದರೆ: ಕೆಡಿಇ ಅನ್ನೋ ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ, ಕೇಳಿದವರು ಹುಡುಕ್ತಿರೋದು ಹೆಚ್ಚುಕಮ್ಮಿ ಹಾಗೇ ಇದೆ. ವಿಂಡೋದ ಮೇಲ್ಪಟ್ಟಿ ಮೇಲೆ ರೈಟ್ ಕ್ಲಿಕ್, ಮೋರ್ ಆಕ್ಷನ್ಸ್, ಅಲ್ಲಿ ಆ ಅಪ್ಲಿಕೇಶನ್‌ಗೇ ಒಂದು ನಿಯಮ ಬರೆದು ಅಗಲ, ಎತ್ತರ ಪಿಕ್ಸೆಲ್ ಲೆಕ್ಕದಲ್ಲಿ ಹಾಕಬಹುದು. ‘ಫೋರ್ಸ್’ ಹಾಕಿದರೆ ಆಮೇಲೆ ಎಳೆದರೂ ಜಗ್ಗಲ್ಲ, ‘ಇನಿಷಿಯಲಿ’ ಹಾಕಿ. ನಾನು ಮೊದಲ ಸಲ ವಿಂಡೋ ಟೈಪ್ ‘ನಾರ್ಮಲ್’ ಅಂತ ಹೇಳೋದು ಬಿಟ್ಟಿದ್ದೆ. ‘ಸೇವ್ ಮಾಡಲಾ?’ ಅಂತ ಕೇಳೋ ಪುಟ್ಟ ಡಬ್ಬಿಯೂ ಅರ್ಧ ಪರದೆ ಆಗಿ ಬಂತು! ಹುಡುಗರೆಲ್ಲ ನಕ್ಕಿದ್ದೇ ನಕ್ಕಿದ್ದು.

ಕೇಳಿದವರು

ರಿಪೇರಿ ಅಣ್ಣಾ, ನೀವು ಹೇಳಿದಂಗೇ ಎಳೆದು ಇಂಟು ಒತ್ತಿ ಮುಚ್ಚಿದೆ. ಮತ್ತೆ ತೆರೆದಾಗ ಸರಿಯಾಗಿ ಬಂತು, ಖುಷಿಯಾಯ್ತು. ಇವತ್ತು ಬೆಳಿಗ್ಗೆ ಮತ್ತೆ ಪರದೆ ತುಂಬ.

ಕಂಪ್ಯೂಟರ್ ರಿಪೇರಿ, ಪಿ.ಜೆ. ಬಡಾವಣೆ

ಒಂದು ಕೇಳ್ತೀನಿ. ಬೆಳಿಗ್ಗೆ ಕ್ರೋಮ್ ತೆರೆದಾಗ ಮೂಲೆಯಲ್ಲಿ ‘ಸರಿಯಾಗಿ ಮುಚ್ಚಿಲ್ಲ, ರಿಸ್ಟೋರ್ ಮಾಡಲಾ’ ಅಂತ ಚೀಟಿ ಬರ್ತೈತಾ?

ಕೇಳಿದವರು

ದಿನಾ ಬರುತ್ತೆ. ರಿಸ್ಟೋರ್ ಒತ್ತಿ ಮುಂದಕ್ಕೆ ಹೋಗ್ತೀನಿ. ಯಾಕೆ? ರಾತ್ರಿ ನಾನು ಎಂಟಕ್ಕೇ ಮನೆಗೆ ಹೋಗ್ತೀನಿ, ಅಂಗಡಿ ಮುಚ್ಚೋದು ಹುಡುಗ. ಅವನು ಶಟರ್ ಎಳೆಯೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡ್ತಾನೆ…

ಕಂಪ್ಯೂಟರ್ ರಿಪೇರಿ, ಪಿ.ಜೆ. ಬಡಾವಣೆ

ಸಿಕ್ತು ನೋಡ್ರಿ ಕಳ್ಳ! ಪ್ರೋಗ್ರಾಮ್‌ಗೆ ತನ್ನ ಅಳತೆ ಸರಿಯಾಗಿ ಬರೆದಿಟ್ಟುಕೊಳ್ಳೋಕೆ ಟೈಮೇ ಕೊಡ್ತಿಲ್ಲ ನೀವು. ಹಂಗ ಕಡಿದರೆ ಹಾರ್ಡ್ ಡಿಸ್ಕಿಗೂ ಪೆಟ್ಟು. ಬೇಸಿಗೆಯಲ್ಲಿ ಕರೆಂಟ್ ಹೋದಾಗಲೂ ಇದೇ ಕಥೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನ ಬದಲಿಸ್ರಿ, ವಿಂಡೋ ಸೈಜ್ ಆಮೇಲೆ.

ಅಡಿಕೆ ಮಂಡಿ ಲೆಕ್ಕಪತ್ರ, ಎಪಿಎಂಸಿ ಯಾರ್ಡ್

ನಂದೂ ಒಂದು ಸೇರಿಸ್ತೀನಿ, ಯಾರಿಗಾದರೂ ಬೇಕಾಗುತ್ತೆ. ಲ್ಯಾಪ್‌ಟಾಪ್‌ಗೆ ಎರಡನೇ ಮಾನಿಟರ್ ಹಾಕಿ ಕೆಲಸ ಮಾಡ್ತಿದ್ದೆ. ಒಂದಿನ ಅದನ್ನ ತೆಗೆದ ಮೇಲೆ ಒಂದು ವಿಂಡೋ ಕಾಣಿಸೋದೇ ಬಿಟ್ಟಿತು. ಕೆಳಗಿನ ಪಟ್ಟಿಯಲ್ಲಿ ಇದೆ, ಪರದೆ ಮೇಲಿಲ್ಲ. ಇಲ್ಲದ ಮಾನಿಟರ್ ಮೇಲೆ ಹೋಗಿ ಕೂತಿತ್ತು ಪುಣ್ಯಾತ್ಮ. ಕೆಳಗೆ ಅದರ ಮೇಲೆ ಕ್ಲಿಕ್ ಮಾಡಿ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ, ಆಮೇಲೆ ‘ಎಂ’, ಒಂದು ಸಲ ಬಾಣದ ಕೀ. ಅಷ್ಟಾದ ಮೇಲೆ ಮೌಸ್ ಅಲ್ಲಾಡಿಸಿದರೆ ವಿಂಡೋ ಮೌಸ್ ಹಿಂದೆ ಬರುತ್ತೆ, ಕ್ಲಿಕ್ ಮಾಡಿ ಇಳಿಸಿ. ಮೌಸ್ ಹಿಡಿಯೋ ಮುಂಚೆ ಮಿರ್ಚಿ ಎಣ್ಣೆ ಒರೆಸ್ಕೊಳ್ಳಿ, ನಾನು ಒರೆಸದೆ ಹಿಡಿದು ಇನ್ನೊಂದು ಮೌಸ್ ತಗೊಂಡೆ.

ಕೇಳಿದವರು

ಮೂರು ದಿನ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ಹುಡುಗನಿಗೆ ಕ್ರೋಮ್ ಮುಚ್ಚೋದು, ಶಟ್‌ಡೌನ್ ಒತ್ತೋದು, ಲೈಟ್ ಆರೋ ತನಕ ನಿಲ್ಲೋದು ಕಲಿಸಿದೆ. ‘ಅಷ್ಟೊತ್ತಿಗೆ ಬಸ್ ಹೋಗುತ್ತೆ ಅಣ್ಣಾ’ ಅಂದ. ಐದು ನಿಮಿಷ ಮೊದಲೇ ಶುರು ಮಾಡು ಅಂದೆ. ಮೂರು ದಿನದಿಂದ ಕ್ರೋಮ್ ಬಲಗಡೆ ಬಿಟ್ಟು ಅಲ್ಲಾಡಿಲ್ಲ, ಆ ಚೀಟಿಯೂ ಬರ್ತಿಲ್ಲ. ಫೋಲ್ಡರ್ ಮಾತ್ರ ಇನ್ನೂ ಹಟ ಮಾಡ್ತಿದೆ, ಯಾಕಂದ್ರೆ ಹುಡುಗ ನಾಕು ಫೋಲ್ಡರ್ ತೆರೆದು ಯಾವುದೋ ಒಂದನ್ನ ಕೊನೆಗೆ ಮುಚ್ತಾನೆ. ಅದಕ್ಕೆ ದುರ್ಗದ ಅಕ್ಕ ಹೇಳಿದ ಪವರ್‌ಟಾಯ್ಸ್ ಹಾಕಿಸ್ತೀನಿ ಈ ಭಾನುವಾರ. ಯುಪಿಎಸ್ ಬ್ಯಾಟರಿ ರೇಟ್ ಕೇಳಿದೆ, ಅದು ಮುಂದಿನ ತಿಂಗಳು.