ಪದ ಬೇಕಿದೆ: ಬಡಿದರೆ ತಗಡಾಗುವ ಗುಣಕ್ಕೆ ಏನನ್ನೋಣ?

ನಮಸ್ಕಾರ. ಶಾಲೆಯೊಂದರ ವಿಜ್ಞಾನ ಮೇಳಕ್ಕೆ ಫಲಕ ಬರೆಸುತ್ತಿದ್ದೇನೆ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾನೆ. ಲೋಹ ಬಡಿದರೆ ತಗಡಾಗುತ್ತದೆ, ಎಳೆದರೆ ತಂತಿಯಾಗುತ್ತದೆ. ಇವಕ್ಕೆ ಪಠ್ಯದಲ್ಲಿ ಕುಟ್ಯತೆ, ತನ್ಯತೆ ಅಂತಿದೆ. ಒಬ್ಬ ಹುಡುಗಿ ಓದಿ, ‘ಕುಟ್ಯತೆ ಅಂದ್ರೆ ಕುಟಿಲತೆ ಥರಾನಾ?’ ಅಂದಳು. ಬೇರೆ ಪದ ಇದೆಯಾ? ಫಲಕದ ಸಾಲನ್ನೂ ನೋಡಿ (ಅಯಾನು ಅಂದರೆ ಇಲ್ಲಿ ಎಲೆಕ್ಟ್ರಾನ್ ಬಿಟ್ಟುಕೊಟ್ಟ ಪರಮಾಣು, ಆ ಬಿಡಿ ಎಲೆಕ್ಟ್ರಾನ್‌ಗಳೇ ಕಡಲು):

‘ಲೋಹದ ಅಯಾನುಗಳು ಎಲೆಕ್ಟ್ರಾನ್ ಕಡಲಿನಲ್ಲಿ ಸಾಲಾಗಿ ಕೂತಿವೆ. ಬಡಿದಾಗ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಕಡಲು ಅವನ್ನು ಹಿಡಿದುಕೊಂಡೇ ಇರುತ್ತದೆ. ಅದಕ್ಕೇ ಲೋಹ ಒಡೆಯುವುದಿಲ್ಲ.’

— ಮೈಸೂರಿನಿಂದ

> ಬೇರೆ ಪದ ಇದೆಯಾ?

ಬೇಡ. ‘ತನ್’ ಅಂದರೆ ಎಳೆ, ಹಿಗ್ಗಿಸು. ತಂತು, ತಂತ್ರಿ ಅದರ ಮಕ್ಕಳು. ನಮ್ಮ ತಂತಿ ಆ ತಂತ್ರಿಯ ತದ್ಭವ. ತನ್ಯತೆ ಇದ್ದದ್ದು ತಂತಿಯಾಗುತ್ತದೆ, ಇದಕ್ಕಿಂತ ಚೆಂದದ ಜೋಡಿ ಎಲ್ಲಿದೆ? ಮಕ್ಕಳಿಗೆ ತಿಳಿಯದಿದ್ದರೆ ಮೇಷ್ಟ್ರು ಹೇಳಿಕೊಡಲಿ. ‘ಎಲೆಕ್ಟ್ರಾನ್ ಕಡಲು’ ಸಂಸ್ಕೃತ-ಕನ್ನಡ ಬೆರೆಸಿದ ಅರಿಸಮಾಸದಂತೆ ಕಿವಿಗೆ ಚುಚ್ಚುತ್ತದೆ. ಸಾಗರ ಅನ್ನಿ.

— ಧಾರವಾಡದಿಂದ

ಎಲೆಕ್ಟ್ರಾನ್ ಗ್ರೀಕ್ ಮೂಲದ್ದು ಸ್ವಾಮಿ. ಅದಕ್ಕೂ ಹಳೆಯ ವ್ಯಾಕರಣಕಾರ ಕೇಶಿರಾಜನ ಕಟ್ಟು ಹಾಕ್ತೀರಾ? ಕಡಲೇ ಇರಲಿ. ನನ್ನ ತಕರಾರು ‘ಲೋಹ’ದಿಂದಲೇ ಶುರು. ನಮ್ಮಲ್ಲಿ ‘ಪೊನ್’ ಇತ್ತು. ಕರಿಯ ಪೊನ್ನೇ ಸವೆದು ಸವೆದು ಕಬ್ಬಿಣ ಆಗಿದ್ದು. ಅಂದಮೇಲೆ ಪೊನ್ ಬರೀ ಚಿನ್ನ ಅಲ್ಲ, ಅಲ್ವಾ? ಇನ್ನು ಕುಟ್ಯತೆ. ಕುಟ್ಟು ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಅನ್ನುವ ವಿದ್ವಾಂಸರಿದ್ದಾರೆ. ನಮ್ಮ ಮನೆಯ ಒನಕೆಯೇ ಬಾಲ ಕಟ್ಟಿಕೊಂಡು ಅತಿಥಿಯಾಗಿ ವಾಪಸ್ ಬಂದಿದೆ! ಸುಮ್ನೆ ತಗಡುತನ, ಕಂಬಿತನ ಅನ್ನಿ.

— ಶಿವಮೊಗ್ಗದಿಂದ

ತಗಡುತನ! ಪದ ಎಂಥದ್ದು ಅಂತ ಪದವೇ ಹೇಳುತ್ತಿದೆ. ಕಂಬಿತನವನ್ನು ಜೈಲಿನ ಬಾಗಿಲಿಗೆ ಬರೆಸಿ.

— ಧಾರವಾಡದಿಂದ

ನಮ್ಮ ತಂದೆ ಅಕ್ಕಸಾಲಿಗರು. ಉಕ್ಕಿನ ಪಟ್ಟಿಯಲ್ಲಿ ಸಾಲಾಗಿ ತೂತು, ಒಂದಕ್ಕಿಂತ ಒಂದು ಸಣ್ಣದು. ಬೆಳ್ಳಿ ಸರಳಿನ ತುದಿಯನ್ನು ಅರದಲ್ಲಿ ಉಜ್ಜಿ ಚೂಪು ಮಾಡಿ, ತೂರಿಸಿ, ಇಕ್ಕಳದಲ್ಲಿ ಹಿಡಿದು ಎಳೆಯುತ್ತಿದ್ದರು. ಕೆಲವು ತೂತು ದಾಟುವಷ್ಟರಲ್ಲಿ ಬೆಳ್ಳಿ ಬಿರುಸಾಗುತ್ತಿತ್ತು. ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗೆ. ‘ಎಳೆ ಬರುತ್ತೆ’, ‘ಎಳೆ ಬರಲ್ಲ’, ಅವರಿಗೆ ಇಷ್ಟೇ ಪದ. ಅಪ್ಪಟ ಚಿನ್ನವಾದರೆ 1 ಗ್ರಾಮಿನಿಂದ ಸುಮಾರು 2 ಕಿಲೋಮೀಟರ್ ಎಳೆ ತೆಗೆಯಬಹುದು.

ಪದ ಹಾಗಿರಲಿ, ಆ ಸಾಲು ತಿದ್ದಿ. ಬೀಡು ಕಬ್ಬಿಣ ಸುತ್ತಿಗೆ ಏಟಿಗೆ ಒಡೆಯುತ್ತದೆ. ‘ಸುಲಭವಾಗಿ ಒಡೆಯುವುದಿಲ್ಲ’ ಅನ್ನಿ. ಪಕ್ಕದಲ್ಲಿ ಒಂದು ಉಪ್ಪಿನ ಹರಳು ಇಡಿ. ಅಲ್ಲಿ ಪ್ಲಸ್, ಮೈನಸ್ ಅಯಾನುಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಪದರ ಜಾರಿದರೆ ಪ್ಲಸ್ಸಿನ ಎದುರು ಪ್ಲಸ್ಸೇ ಬಂದು ತಳ್ಳಾಡಿ ಸೀಳುತ್ತದೆ. ಮಕ್ಕಳೇ ಬಡಿದು ನೋಡಲಿ.

— ಉಡುಪಿಯಿಂದ

ಉಪ್ಪಿನ ಹರಳು ಖಂಡಿತ ಇಡುತ್ತೇನೆ. ದೊಡ್ಡಕ್ಷರದಲ್ಲಿ ‘ಬಡಿದರೆ ತಗಡು, ಎಳೆದರೆ ತಂತಿ’. ಕೆಳಗೆ ಸಣ್ಣದಾಗಿ ಕುಟ್ಯತೆ, ತನ್ಯತೆ. ಪರೀಕ್ಷೆಗೆ ಅದೇ ತಾನೇ ಬೇಕು. ಎಲ್ಲರಿಗೂ ಥ್ಯಾಂಕ್ಸ್. ಪೇಂಟರಿಗೆ ಕಳಿಸಿಯಾಯಿತು.

— ಮೈಸೂರಿನಿಂದ

ತಂತಿ ಅಲ್ಲ, ಕಂಬಿ.

— ಶಿವಮೊಗ್ಗದಿಂದ